ಎಂಬತ್ತೆಂಟನೆಯ ಪುಟ

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ಹೆಲ್ವೆಯ ಎಡಕ್ಕೆ ಬೆನ್ನು ಬಿಚ್ಚಿಕೊಂಡ ಅಚ್ಚಿನ ಪುಸ್ತಕ,
ಬಲಕ್ಕೆ ಪರದೆ. ಅಲ್ಲಿ ಪುಟವೆಂಬುದೇ ಇಲ್ಲ,
ಅಕ್ಷರ ಹಿಗ್ಗಿಸಿದರೆ ಇನ್ನೂರು ಆರುನೂರಾಗುತ್ತದೆ.

ಅಚ್ಚಿನಲ್ಲಿ ಪುಟ ಮುಗಿದಲ್ಲೆಲ್ಲ
ಇಲ್ಲೊಂದು ಕಾಣದ ಗೂಟ ನೆಡುವುದು ಅವಳ ಕೆಲಸ.
ಖಾಲಿ ಬಿಟ್ಟ ನಲವತ್ತಕ್ಕೆ ಎಲ್ಲಿ ನೆಡುವುದು?
ಏನೂ ಇಲ್ಲದ ಜಾಗ ಈಚೆಗೆ ಬರಲೇ ಇಲ್ಲ.
ನಲವತ್ತು, ನಲವತ್ತೊಂದು
ಒಂದರ ಮೈಮೇಲೊಂದು.

ಎಂಬತ್ತೇಳರ ಕೊನೆಗೆ ಕೈ ನಿಂತಿತು.
ಅಜ್ಜಿಗೆ ಅವರ ಮಾತಲ್ಲಿ ‘ವಾನಾಎಮಾ’.
ವಾನಾ ಅಂದರೆ ಮುದಿ, ಎಮಾ ಅಂದರೆ ತಾಯಿ.
ಅಂದು ಮೊಳೆ ಜೋಡಿಸಿದ ಪುಣ್ಯಾತ್ಮ
ನಡುವೆ ಒಂದು ಅಡ್ಡಗೆರೆ ಎಳೆದು
ಮುಪ್ಪನ್ನು ಕೆಳಸಾಲಲ್ಲೇ ಬಿಟ್ಟು
ತಾಯಿಯನ್ನಷ್ಟೇ ಮಗುಚಿದ ಹಾಳೆಗೆ ದಾಟಿಸಿದ್ದಾನೆ.

ಪದದೊಳಗೆ ಗೂಟ ಹೊಡೆದರೆ
ಓದುವ ಯಂತ್ರ ತೊದಲುತ್ತದೆ.
ಪದಕ್ಕೆ ಮುಂಚೆಯೇ ನೆಟ್ಟು
ಚಹಾಕ್ಕೆ ಎದ್ದಳು.

ನಾಳೆ ಟೀಚರು ‘ಎಂಬತ್ತೆಂಟು ತೆಗೆಯಿರಿ’ ಅಂದಾಗ
ಹತ್ತೊಂಬತ್ತು ಮಕ್ಕಳ ಕಣ್ಣಿಗೆ
ತಾಯಿ ಬೂಟಿನ ಹಿಮ ಕೊಡವುತ್ತ ಒಳಬರುತ್ತಾಳೆ.
ಕಿವಿಯಲ್ಲಿ ಓದುವ ಕಾರೆಲ್‌ಗೆ ಮಾತ್ರ
ಅಜ್ಜಿ,
ಇಡೀ ಅಜ್ಜಿ.