ಕಾಯಿ ಬಿಟ್ಟವು

ಯಾವುದು ಬೇಕು, ಮೊದಲು ಅದು ಹೇಳಿ.
ಶತಾವರಿ ಅಂದರೆ ಒಂದೇ ಅಲ್ಲ ನಮ್ಮ ನರ್ಸರಿಯಲ್ಲಿ.

ನೆರಳುಬಲೆಯ ಕೆಳಗೆ, ತೂಗುಕುಂಡದಿಂದ
ಬಾಚದ ತಲೆಯ ಹಾಗೆ ಇಳಿಬಿದ್ದಿದೆಯಲ್ಲ,
ಅದು ಬರೀ ಅಂದಕ್ಕೆ.
ನೀರು ಮರೆತರೂ ಸಾಯುವುದಿಲ್ಲ,
ಬೇರಿನಲ್ಲಿ ಗುಂಡುಗುಂಡು ತತ್ರಾಣಿ ಕಟ್ಟಿಕೊಂಡಿರುತ್ತದೆ.
ವಕೀಲರು, ಬ್ಯಾಂಕಿನವರು ಅದನ್ನೇ ಒಯ್ಯುತ್ತಾರೆ.

ಆಚೆಯದು, ಹೊಗೆಯ ಹಾಗೆ ಹರಡಿರುವುದು,
ಹಾಸನದ ಕಟ್ಟಿನಕೆರೆ ಹೂವಿನವರಿಗೆ.
ಮದುವೆಯ ಬೊಕೆಯಲ್ಲಿ ಗುಲಾಬಿಯ ಬೆನ್ನಿಗೆ ನಿಲ್ಲುತ್ತದೆ,
ಎಲ್ಲ ಫೋಟೋದಲ್ಲೂ ಬರುತ್ತದೆ,
ಹೆಸರು ಯಾರೂ ಕೇಳುವುದಿಲ್ಲ.
ಮುಟ್ಟಿ ನೋಡಿ. ಜೋಕೆ, ಮುಳ್ಳಿದೆ.

ಬೇಲಿಗೆ ಹಬ್ಬಿರುವುದು ನಮ್ಮ ಕಾಡಿನದೇ.
ಮಜ್ಜಿಗೆ ಗೆಡ್ಡೆ ಅನ್ನುವವರುಂಟು,
ಆಷಾಢಿ ಬೇರು ಅನ್ನುವವರೂ ಉಂಟು,
ಜವನಮ್ಮ ಮಾತ್ರ ಪೂರ್ತಿ ಹೆಸರು ಹಿಡಿದೇ ಕರೆಯುವುದು:
ಹಲವು ಮಕ್ಕಳ ತಾಯಿ.
ಬುಡ ಬಗೆದರೆ ಬೆರಳಿನಂಥ ಗೆಡ್ಡೆಗಳ ಗೊಂಚಲು.
ಸಂಸ್ಕೃತ ನೂರು ಎನ್ನುತ್ತದೆ.
ಅವಳು ಎಣಿಸಿದ್ದಾಳೆ, ಎಂಬತ್ಮೂರು.
ಸಿಪ್ಪೆ ಸುಲಿದು, ನಡುವಿನ ನಾರೆಳೆದು,
ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ಮುಳುಗಿಸಿ
ಭರಣಿಯ ಬಾಯಿ ಕಟ್ಟುವುದು.

ಓ, ಹೋಟೆಲಿನದಾ? ಕಡ್ಡಿ ತಿನ್ನುವುದಾ?
ಹಾಗಾದರೆ ಹಿಂದಕ್ಕೆ ಬನ್ನಿ, ಪೈಪು ದಾಟಿ.

ಆಲೂಗಡ್ಡೆ ಹಾಕುತ್ತಿದ್ದ ಹತ್ತು ಗುಂಟೆ ಇದು.
ಬೀಜ ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ,
ಆಮೇಲೆ ಮೂರು ವಾರ ಏನೂ ಇಲ್ಲ, ನಮ್ಮದೇ ಅನುಮಾನ.
ಮೊದಲ ವರ್ಷ ಕುಯ್ಯಬಾರದು.
ಎರಡನೆಯ ವರ್ಷವೂ.
ಮೊಳಕೆ ನೆಲ ತೂರಿ ಬಂದಾಗ ಕೈ ತುರಿಸುತ್ತದೆ,
ಕಟ್ಟಿಕೊಂಡು ನಿಲ್ಲಬೇಕು.
ಸಬ್ಬಸಿಗೆ ಸೊಪ್ಪಿನಂತೆ ಎದೆಮಟ್ಟ ಬಿಚ್ಚಿಕೊಂಡು
ಅದು ಬೇರಿಗೆ ಬುತ್ತಿ ಕಳಿಸುತ್ತಿರುತ್ತದೆ.

ಚಳಿ ದೇಶದಲ್ಲಿ ಹಿಮ ಬಿದ್ದಾಗ ಮಲಗುತ್ತದಂತೆ.
ಆಲೂರಿನಲ್ಲಿ ಹಿಮ ಎಲ್ಲಿಂದ ತರಲಿ?
ಜನವರಿಯಲ್ಲಿ ನೀರು ನಿಲ್ಲಿಸುತ್ತೇನೆ.
ಹಳದಿಯಾಗಿ, ಚಳಿಗಾಲವೆಂದೇ ನಂಬಿ ಮಲಗುತ್ತದೆ, ಪಾಪ.
ಮತ್ತೆ ನೀರು ಬಿಟ್ಟಾಗ ಬುಡಕ್ಕೆ ಮೂರು ತಾಯಿಕಡ್ಡಿ ಉಳಿಸಿ
ಮಿಕ್ಕದ್ದು ಕುಯ್ಲು.

ಬಿಳಿಯದು ಬೇರೆ ಜಾತಿಯಲ್ಲ, ಇದೇ.
ಆಲೂಗಡ್ಡೆಗೆ ಏರು ಹಾಕಿದಂತೆ ಮಣ್ಣೇರಿಸಿ
ಬೆಳಕು ತೋರಿಸದೆ ಸಾಕುವುದು,
ಮಣ್ಣು ಬಿರಿದಲ್ಲಿ ಕತ್ತಿ ಇಳಿಸುವುದು.
ಒಂದು ಮಧ್ಯಾಹ್ನ ಬಿಸಿಲು ಕಂಡರೆ ಸಾಕು, ತುದಿಗೆ ಬಣ್ಣ;
ಕ್ಲೆಮೆಂಟ್ ಅರ್ಧ ಬೆಲೆ ಅನ್ನುತ್ತಾನೆ.
ನೇರಳೆಯದೇ ತಳಿ ಬೇರೆ ಇದೆ, ಹಸಿಯಾಗಿ ತಿಂದರೂ ಸಿಹಿ,
ಬಾಣಲೆಗೆ ಬಿದ್ದೊಡನೆ ಹಸಿರಾಗಿ ನಮ್ಮ ಮಾನ ಕಳೆಯುತ್ತದೆ.

ಮೂರನೆಯ ವರ್ಷ ಕ್ಲೆಮೆಂಟ್ ಸಾಲಿನುದ್ದ ನಡೆದು ಹೇಳಿದ:
ಕೆಂಪು ಕಾಯಿ ಬಿಟ್ಟವೆಲ್ಲ ಹೆಣ್ಣು.
ಬೀಜಕ್ಕೇ ಸುರಿಯುತ್ತವೆ, ಕಡ್ಡಿ ಕಡಿಮೆ.
ಕಿತ್ತುಹಾಕಿ.
ಲೆಕ್ಕ ಸರಿಯಾಗಿಯೇ ಇತ್ತು.
ನಲವತ್ತೊಂದು ಬುಡಕ್ಕೆ ನಾನೇ ಸುಣ್ಣದ ಗುರುತಿಟ್ಟೆ.
ಜವನಮ್ಮ ಗುದ್ದಲಿ ತಂದಳು, ಏನೂ ಅನ್ನಲಿಲ್ಲ.
ಸಂಜೆಗೆ ಗುಂಡಿಯೆಲ್ಲ ಮುಚ್ಚಿತ್ತು. ಕೂಲಿ ಕೊಟ್ಟೆ.

ಮಳೆಗಾಲ ಕಳೆದು ನೋಡುತ್ತೇನೆ,
ಪಂಪುಮನೆಯ ಹಿಂದೆ, ವಾಲ್ವು ಸೋರುವ ಕಡೆ,
ನಲವತ್ತೊಂದೂ ನಿಂತಿವೆ ಮೈತುಂಬ ಕೆಂಪು ಮಣಿ ಇಟ್ಟುಕೊಂಡು.
ಕೇಳಿದೆ.
ಎಲೆಯಡಿಕೆ ಕೆನ್ನೆಗೆ ಒತ್ತರಿಸಿ ಅಂದಳು:
‘ಕಿತ್ತು ಹಾಕು ಅಂದ್ರಲ್ಲ.
ಕಿತ್ತೆ.
ಹಾಕಿದೆ.’

ಈಗ ಪಿಕಳಾರಗಳಿಗೆ ಅಲ್ಲೇ ಊಟ.
ತಿಂದು ಎಲ್ಲೆಂದರಲ್ಲಿ ಉದುರಿಸುತ್ತವೆ,
ಗುಲಾಬಿಯ ಕುಂಡ, ಗೊಬ್ಬರದ ಚೀಲ, ಸ್ಕೂಟರಿನ ಸೀಟು.
ಹೋದ ವಾರ ವಕೀಲರು ಫೋನು ಮಾಡಿದ್ದರು,
ನೀವು ಕೊಟ್ಟ ಕುಂಡದಲ್ಲಿ ಬೇರೇನೋ ಎದ್ದಿದೆ,
ಹಸಿರು ಬೆರಳಿನಂಥದ್ದು, ಕತ್ತರಿಸಲಾ ಅಂತ.
ಬೇಡಿ ಅಂದೆ.
ಮೂರು ವರ್ಷ ಬಿಡಿ.