ಬದಲಿಸಲಾಗಿದೆ

ತೂಕದ ಮನೆಯಿಂದ ಇಲಿಯಾಸನ ಫೋನು:
"ಮೇಡಂ, ಒತ್ತಿದ ಗುಂಡಿ ಒತ್ತಿದ ಹಾಗೇ ಇದೆ."
ಗೇಟಿನಾಚೆ ಎತ್ತಿನ ಗಾಡಿ, ಟ್ರ್ಯಾಕ್ಟರು, ಲಾರಿ,
ಕಬ್ಬಿನ ಸಾಲು ಮಂಡ್ಯದ ಹೆದ್ದಾರಿಯವರೆಗೆ.
ಕಡಿದ ಕಬ್ಬು ಕಾಯುವುದಿಲ್ಲ,
ಗಂಟೆಗಿಷ್ಟು ಅಂತ ತನ್ನ ತೂಕವನ್ನು
ಬಿಸಿಲಿಗೆ ಬಿಟ್ಟುಕೊಡುತ್ತದೆ.

ನನ್ನ ಕೋಣೆಯಲ್ಲಿ ಮಾತ್ರ ಎಲ್ಲ ತಣ್ಣಗೆ.
ಒಂದೇ ಸರ್ವರಿನೊಳಗೆ ಏಳು ಯಂತ್ರಗಳು,
ಮುಟ್ಟಲು ಬಾರದವು, ಹೆಸರಷ್ಟೇ ಇರುವವು:
ತೂಕ, ಹಾಜರಿ, ಬಟವಾಡೆ, ಕಾಕಂಬಿ ಲೆಕ್ಕ...
ಏಳನೆಯದರ ಕೆಲಸ ಏನೆಂದು
ನಿವೃತ್ತರಾದ ಚೆನ್ನಪ್ಪಾಜಿಗೇ ಗೊತ್ತು,
ಅದನ್ನು ಆರಿಸಲು ಯಾರಿಗೂ ಧೈರ್ಯವಿಲ್ಲ.
ಏಳಕ್ಕೂ ಸ್ವಂತ ಡಿಸ್ಕು ಇಲ್ಲ.
ಇದೆ ಎಂದು ನಂಬಿವೆ.
ಅವು ಬರೆದದ್ದೆಲ್ಲ ಗೋಡೆ ದಾಟಿ
ಅಕೌಂಟ್ಸಿನ ಬೀರುವಿನ ಪಕ್ಕ ಕೂತಿರುವ
ಸ್ಟೋರೇಜು ಪೆಟ್ಟಿಗೆಗೆ ಹೋಗಿ
"ಆಯಿತು" ಎಂಬ ಮರುಮಾತು ಬರುವ ತನಕ
ಉಸಿರು ಬಿಗಿಹಿಡಿದು ನಿಲ್ಲುತ್ತವೆ.

ಸಿಪಿಯು ನೋಡಿದೆ: ಆಕಳಿಸುತ್ತಿತ್ತು.
ಮೆಮೊರಿ: ಅರ್ಧಕ್ಕರ್ಧ ಖಾಲಿ.
ರಾತ್ರಿಯ ಬ್ಯಾಕಪ್ಪು ಬೆಳಗಿಗೂ ಮುಗಿದಿರಲಿಲ್ಲ,
ಸಿಕ್ಕಿದ ಕಳ್ಳ ಎಂದು ಅದನ್ನು ನಿಲ್ಲಿಸಿದೆ,
ಮ್ಯಾನೇಜರಿಗೂ ಹೇಳಿಬಿಟ್ಟೆ.
ಕಬ್ಬು ಅಲ್ಲೇ ನಿಂತಿತ್ತು.
ಡಿಸ್ಕುಗಳೇ ಇರಬೇಕು. ಐದಕ್ಕೂ ಹಸಿರು ದೀಪ.
ಪೆಟ್ಟಿಗೆಯ ಒಳಗೇ ಬರೆಸಿ ನೋಡಿದರೆ ಕುದುರೆಯ ಓಟ,
ನನ್ನ ಕೋಣೆಯಿಂದ ಬರೆಸಿದರೆ
ತುಂಬಿದ ಗಾಡಿ ಏರು ಹತ್ತಿದ ಹಾಗೆ.

ಅಪ್ಪ ನೀರುಗಂಟಿ.
ವಿ.ಸಿ. ನಾಲೆಯ ಒಂದು ಕಿರುಗಾಲುವೆ ಅವನ ಪಾಲು.
ಕೊನೆಗದ್ದೆಯವರು ಕುಡುಗೋಲು ಹಿಡಿದೇ ಬರೋರು,
"ಕನ್ನಂಬಾಡಿ ತುಂಬಿ ತುಳುಕ್ತಾ ಅದೆ,
ನಮ್ಗ್ಯಾಕ್ಲಾ ನೀರಿಲ್ಲ?"
ಅಪ್ಪ ಅವರ ಗದ್ದೆ ನೋಡುತ್ತಿರಲಿಲ್ಲ,
ಕನ್ನಂಬಾಡಿಯ ಸುದ್ದಿಗೂ ಹೋಗುತ್ತಿರಲಿಲ್ಲ.
"ವಸಿ ಇರು" ಅಂದು
ಗುದ್ದಲಿ ಹೆಗಲಿಗೇರಿಸಿ ಏರಿಯ ಮೇಲೆ ನಡೆದುಬಿಡೋನು.
ಏಡಿಯ ಬಿಲ, ಅಡ್ಡ ಬಿದ್ದ ತೆಂಗಿನ ಗರಿ,
ಯಾರೋ ಬಟ್ಟೆ ಒಗೆಯಲು ಉರುಳಿಸಿಟ್ಟ ಕಲ್ಲು.

ಕೇಬಲ್ಲಿನ ಜೊತೆ ನಾನೂ ನಡೆದೆ,
ನಡೆದೆ ಅನ್ನುವುದೇನು, ಅಂಬೆಗಾಲಿಟ್ಟೆ.
ಟೇಬಲ್ಲಿನ ಅಡಿ, ಹಳೇ ರಿಜಿಸ್ಟರುಗಳ ಕಟ್ಟಿನ ಹಿಂದೆ,
ಜೇಡ, ಯಾರದೋ ಕಳೆದುಹೋದ ಕನ್ನಡಕ,
ಇರುವೆ ಬಿಟ್ಟುಹೋದ ಅರ್ಧ ಅಚ್ಚು ಬೆಲ್ಲ.
ಸ್ವಿಚ್ಚಿನ ಎಲ್ಲ ಕಿಂಡಿಗೂ ಹಸಿರು,
ಅದೊಂದಕ್ಕೆ ಕಿತ್ತಳೆ:
ಸಾವಿರ ಹರಿಯಬೇಕಾದಲ್ಲಿ ನೂರು.
ಎಂಟು ಎಳೆಗಳಲ್ಲಿ ಒಂದು ಸತ್ತರೆ ಸಾಕು,
ನಾಲ್ಕೇ ಎಳೆಯಲ್ಲಿ ಸಂಸಾರ ಸಾಗಿಸುತ್ತವೆ,
ಯಾರಿಗೂ ದೂರು ಹೇಳುವುದಿಲ್ಲ.
ಅದೇ ತೊಂದರೆ.
ಪೂರಾ ಕಡಿದಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿತ್ತು.

ಕಿಟಕಿಯ ಚೌಕಟ್ಟು ಕಚ್ಚಿಕೊಂಡಿತ್ತು,
ನಾಯಿ ಚಪ್ಪಲಿ ಕಚ್ಚಿದ ಹಾಗೆ.
ಕಬ್ಬು ಅರೆಯುವ ಹಂಗಾಮು ಶುರುವಾದ ದಿನ
ಬಾಯ್ಲರಿನ ಕರಿಬೂದಿ ಕೀಬೋರ್ಡಿಗೆ ಉದುರುತ್ತದೆಂದು
ಆ ಕಿಟಕಿಗೆ ಭುಜ ಕೊಟ್ಟು ನೂಕಿ
ಚಿಲಕ ಹಾಕಿದವಳು
ನಾನೇ.

ಹೊಸ ಕೇಬಲ್ ಎಳೆದೆ. ಹಸಿರು.
ಇಲಿಯಾಸ್ ಫೋನೆತ್ತಿ ಮಾತಾಡಲಿಲ್ಲ,
ತನ್ನ ಹಿಂದೆ ಟ್ರ್ಯಾಕ್ಟರುಗಳು
ಒಂದೊಂದಾಗಿ ಗೇರು ಹಾಕುವ ಸದ್ದು ಕೇಳಿಸಿದ.
ಬ್ಯಾಕಪ್ಪನ್ನು ಮತ್ತೆ ಶುರು ಮಾಡಿ
"ತಪ್ಪು ತಿಳೀಬೇಡಪ್ಪಾ" ಅಂದೆ.
ಕೋಣೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ದೋಷಗಳ ಪುಸ್ತಕ ತೆಗೆದು ಬರೆದೆ:
"ಜಖಂಗೊಂಡಿದ್ದ ಕೇಬಲ್ಲನ್ನು ಬದಲಿಸಲಾಗಿದೆ."
ಕರ್ಮಣಿ ಪ್ರಯೋಗ.
ಹೈಸ್ಕೂಲಿನಲ್ಲಿ ಇದಕ್ಕೇ ಎರಡು ಅಂಕ ಹೋಗಿತ್ತು,
'ಕರ್ತೃ ಎಲ್ಲಮ್ಮಾ?' ಎಂದು
ಮೇಷ್ಟ್ರು ಕೆಂಪು ಮಸಿಯಲ್ಲಿ ಕೇಳಿದ್ದರು.

ಕಿಟಕಿ ಈಗ ಎರಡು ಬೆರಳಷ್ಟು ತೆರೆದೇ ಇದೆ.
ಬೂದಿ ಬರುತ್ತದೆ.
ಯಾವ ಅಕ್ಷರ ಒತ್ತಿದರೂ
ವಸಿ ಕರಕರ.