ನಾಳೆ ಹತ್ತೂವರೆಗೆ

ಅಡುಗೆಮನೆಯ ಮೇಜಿನಾಚೆ ನಾನು ಸಾಹೇಬ.
ಈಚೆ ಅಮ್ಮ, ಕುರ್ಚಿಯ ತುದಿಯಲ್ಲಿ,
ಸಾಲ ಕೇಳಲು ಬಂದವಳ ಹಾಗೆ.
ಹಾಗಲ್ಲ, ಹಿಂದಕ್ಕೆ ಒರಗು, ಅಂದೆ.
ಒರಗಿದಳು. ಈಗ ಹಲ್ಲು ಕೀಳಿಸಿಕೊಳ್ಳಲು ಬಂದವಳು.

ಕುತಾಯಿಸಿಯ ಚಳಿಗೆ ಕಿಟಕಿ ಬೆವರಿತ್ತು.
ಕೆಳಗೆ ರಿಯೋನಿ ಹೊಳೆ
ಬಂಡೆಗಳ ಜೊತೆ ಎಂದಿನ ಜಗಳದಲ್ಲಿತ್ತು.
"ನಿಮ್ಮ ಬಗ್ಗೆ ಹೇಳಿ," ಅಂದೆ, ದನಿ ದಪ್ಪ ಮಾಡಿ.
"ನನ್ನ ಬಗ್ಗೆ ಏನಿದೆ, ನಿನಗೆ ಗೊತ್ತಿಲ್ಲದ್ದು?"
"ನಾನೀಗ ನಿನ್ನ ಮಗಳಲ್ಲ.
ಔಷಧ ಅಂಗಡಿಯ ಮ್ಯಾನೇಜರು,
ವಯಸ್ಸು ಇಪ್ಪತ್ತೇಳು, ಕೈಯಲ್ಲಿ ದುಬಾರಿ ಗಡಿಯಾರ."
ಅಮ್ಮ ಆ ಮ್ಯಾನೇಜರನ್ನು ಒಂದು ಗಳಿಗೆ ನೋಡಿ
"ತಿಂಡಿ ತಿಂದೆಯೇನಪ್ಪಾ?" ಅಂದಳು.

ಅರ್ಜಿಯ ಹಾಳೆ ನಮ್ಮಿಬ್ಬರ ನಡುವೆ.
ಹೆಸರು ಮಾಕ್ವಾಲಾ. ಓದು, ಫಾರ್ಮಸಿ ಡಿಪ್ಲೊಮಾ.
ಅನುಭವ ಒಂಬತ್ತು ವರ್ಷ,
ಮಾರುಕಟ್ಟೆ ಹಿಂದಿನ ಎಂಟನೇ ನಂಬರ್ ಅಂಗಡಿ.
(ಅಲ್ಲೀಗ ಮೊಬೈಲಿಗೆ ಗಾಜು ಅಂಟಿಸಿಕೊಡುತ್ತಾರೆ.)
ಆಮೇಲೆ ಖಾಲಿ.
ಎರಡು ಬೆರಳಗಲದ ಜಾಗದಲ್ಲಿ ಹನ್ನೊಂದು ವರ್ಷ ಖಾಲಿ.

"ಇಷ್ಟು ವರ್ಷ ಎಲ್ಲಿದ್ದಿರಿ?"
ಅವರು ಕೇಳೇ ಕೇಳುತ್ತಾರೆ, ಅದಕ್ಕೇ ಕೇಳಿದೆ.
ಅಮ್ಮ ಒಳಕೋಣೆಯ ಬಾಗಿಲ ಕಡೆ ನೋಡಿದಳು.

ನಾಲ್ಕು ತಿಂಗಳ ಹಿಂದಿನವರೆಗೂ ಅಲ್ಲಿ ಅಜ್ಜಿ ಇದ್ದಳು.
ಮಗಳನ್ನು ಮೊದಲು ತಂಗಿ ಎಂದಳು, ಆಮೇಲೆ ನರ್ಸ್ ಎಂದಳು,
ಕೊನೆಕೊನೆಗೆ ಕಳ್ಳಿ ಎಂದಳು.
ಅಮ್ಮ ಎಲ್ಲ ಹೆಸರಿಗೂ ಓಗೊಟ್ಟಳು.
ಆರಕ್ಕೆ ಅರ್ಧ ಮಾತ್ರೆ, ಎಂಟಕ್ಕೆ ಎಣಿಸಿ ಹದಿನೈದು ಹನಿ,
ರಾತ್ರಿ ಎರಡಕ್ಕೆ ಮತ್ತೊಮ್ಮೆ ಬಾಗಿಲ ಚಿಲಕ,
ಯಾವುದರ ಜೊತೆ ಯಾವುದು ಕೊಟ್ಟರೆ ನಾಲಗೆ ಒಣಗುತ್ತದೆ,
ಯಾವುದಕ್ಕೆ ಅಜ್ಜಿ ಬಿಕ್ಕಿ ಅಳುತ್ತಾಳೆ,
ಎಲ್ಲವನ್ನೂ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಿದ್ದಾಳೆ.
ಹನ್ನೊಂದು ಕ್ಯಾಲೆಂಡರು, ದಾರ ಕಟ್ಟಿ, ಕಪಾಟಿನ ಮೇಲೆ.

"ಅದನ್ನೇ ಹೇಳು," ಅಂದೆ.
"ಅದು ಕೆಲಸವಾ?"
"ಒಂದು ದಿನ ರಜೆ ಇರಲಿಲ್ಲವಲ್ಲಾ, ಮತ್ತೇನು?"
"ಹೆತ್ತವ್ವನನ್ನು ಅನುಭವ ಅಂತ ಬರೆಯಲಾ?
ನಾಚಿಕೆಯಾಗುತ್ತೆ ಕಣೇ."

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.
ಫೋನಿನಲ್ಲಿ ಪಾಠ ಹೇಳುವ ಹುಡುಗನ ಬಳಿಯೂ ಇರಲಿಲ್ಲ.
ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೈ ಗಟ್ಟಿಯಾಗಿ ಕುಲುಕಿ,
ಅವನದು ಅಷ್ಟೇ.

ಅಷ್ಟರಲ್ಲಿ ಮೂರನೇ ಮಹಡಿಯ ನಾನುಲಿ ಬಂದಳು,
ಹ್ಯಾಂಗರಿನಲ್ಲಿ ನೀಲಿ ಕೋಟು ತೂಗಿಸಿಕೊಂಡು.
"ಮೈತುಂಬ ಕಪ್ಪುಟ್ಟು ಹೋದರೆ ಯಾರು ಕೆಲಸ ಕೊಡ್ತಾರೆ?
ಕೆಮ್ಮಿನ ಔಷಧಕ್ಕೆ ಬಂದವರು ನಿನ್ನ ನೋಡಿ
ಶವಪೆಟ್ಟಿಗೆ ಅಂಗಡಿ ಅಂದುಕೊಂಡು ವಾಪಸ್ ಹೋಗ್ತಾರೆ."
ವರ್ಷ ತುಂಬುವವರೆಗೆ ಕಪ್ಪು ಬಿಡೆನೆಂದು
ಅಮ್ಮ ಗೋರಿಯ ಮುಂದೆ ಹೇಳಿ ಬಂದಿದ್ದಾಳೆ.
ಇನ್ನೂ ಎಂಟು ತಿಂಗಳಿದೆ.

ಆದರೂ ತೊಟ್ಟು ಕನ್ನಡಿಯ ಮುಂದೆ ನಿಂತಳು.
ಚೆನ್ನಾಗಿ ಕಂಡಳು. ತೊಂದರೆಯಾದದ್ದೇ ಅದು.
ಬಿಚ್ಚಿ, ಮಡಚಿ, ಒಂದು ಸೀಸೆ ಹುಳಿ ಪ್ಲಮ್ ಚಟ್ನಿಯ ಜೊತೆ
ನಾನುಲಿಯ ಕೈಗಿಟ್ಟಳು.
"ಕೆಲಸ ಕೊಟ್ಟರೆ ಅವರೇ ಬಿಳಿ ಕೋಟು ಕೊಡ್ತಾರೆ.
ಒಳಗೇನಿದೆ ಅಂತ ಯಾರು ನೋಡ್ತಾರೆ?"

ರಾತ್ರಿ ಒಳಕೋಣೆಯಿಂದ ದನಿ ಕೇಳಿಸಿತು.
ಖಾಲಿ ಮಂಚದ ಮುಂದೆ ಅಭ್ಯಾಸ ನಡೆದಿತ್ತು.
ಕೌಟುಂಬಿಕ ಕಾರಣ, ಅಂದಳು ಒಮ್ಮೆ.
ಅಮ್ಮನ ಜೊತೆ ಇದ್ದೆ, ಅಂದಳು ಇನ್ನೊಮ್ಮೆ.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಸೇತುವೆ ದಾಟಿದರೆ ಹತ್ತು ನಿಮಿಷದ ದಾರಿ.
ಒಂಬತ್ತಕ್ಕೇ ಹೊರಟಳು.
ಗಾಜು ಒರೆಸಿ ನೋಡುತ್ತಿದ್ದೆ.
ಸೇತುವೆಯ ನಡುವೆ ನಿಂತಳು, ಕೈಗವಸು ಕಳಚಿದಳು,
ಅಂಗೈಯನ್ನು ಕಪ್ಪು ಲಂಗಕ್ಕೆ ಒರೆಸಿ
ಗಾಳಿಯ ಮುಂದೆ ಚಾಚಿದಳು, ಹುಡುಗ ಹೇಳಿಕೊಟ್ಟಂತೆ.

ಎದುರಿನಿಂದ ಬ್ರೆಡ್ಡಿನ ಚೀಲ ಹಿಡಿದು ಬರುತ್ತಿದ್ದ ಮುದುಕ
ತನಗೇ ಎಂದುಕೊಂಡ.
ಚೀಲವನ್ನು ಎಡಗೈಗೆ ಬದಲಿಸಿ ಕೈ ಕೊಟ್ಟ.
ಅಮ್ಮ ಗಟ್ಟಿಯಾಗಿಯೇ ಕುಲುಕಿದಳು.
ಅವನೇನೋ ಕೇಳಿದ.
ಅವಳು ಹೇಳುತ್ತಿದ್ದಳು, ಹೇಳುತ್ತಲೇ ಇದ್ದಳು,
ಹೊಳೆಯ ಸದ್ದಿಗೆ ನನಗೊಂದೂ ಕೇಳಿಸಲಿಲ್ಲ.